ಟಿವಿಯಲ್ಲಿ ಮನೆಯ ವಿಡಿಯೊ ನೋಡಲು ಯಾವ ಪ್ಲೇಯರ್? ಮೊದಲು ಫೈಲು, ಆಮೇಲೆ ಬಾಕ್ಸ್

“ಹಾರ್ಡ್‌ಡಿಸ್ಕಲ್ಲಿ ಇರೋದನ್ನ ಟಿವೀಲಿ ನೋಡ್ಬೇಕು, ಯಾವ ಬಾಕ್ಸ್ ತಗೊಳ್ಲಿ?” ಎಂದು ಯಾರಾದರೂ ಕೇಳಿದರೆ ನಾನು ಮರಳಿ ಕೇಳುವುದು ಒಂದೇ: ಆ ಡಿಸ್ಕಲ್ಲಿ ಏನಿದೆ? “ವಿಡಿಯೊಗಳು” ಅನ್ನುತ್ತಾರೆ. ಅಷ್ಟು ಸಾಲದು. ಒಂದೇ ಮನೆಯ ಡಿಸ್ಕಲ್ಲಿ ಕ್ಯಾಸೆಟ್‌ನಿಂದ ಇಳಿಸಿದ ಅಪ್ಪ-ಅಮ್ಮನ ಮದುವೆ ಇರುತ್ತದೆ, ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದ ಇಡೀ ರಾತ್ರಿಯ ಯಕ್ಷಗಾನ ಇರುತ್ತದೆ, ಐಫೋನಿನಲ್ಲಿ ತೆಗೆದ ಮಗುವಿನ ಮೊದಲ ಹೆಜ್ಜೆ ಇರುತ್ತದೆ, ವಾಟ್ಸಾಪ್‌ನಲ್ಲಿ ಬಂದ ನೂರಾರು ತುಣುಕುಗಳೂ ಇರುತ್ತವೆ. ಇವು ಒಂದೊಂದೂ ಪ್ಲೇಯರ್‌ನಿಂದ ಬೇರೆ ಬೇರೆ ಕೆಲಸ ಕೇಳುತ್ತವೆ. ಬಾಕ್ಸಿನ ಜಾಹೀರಾತು ನೋಡಿ ಕೊಂಡರೆ ಇವುಗಳಲ್ಲಿ ಒಂದಲ್ಲ ಒಂದು ಕೈಕೊಡುವುದು ಖಚಿತ.

ಹಾಗಾಗಿ ಇಲ್ಲಿ ಅಂಗಡಿಗೆ ಹೋಗುವ ಹಂತ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಮಾಡುವ ಕೆಲಸಕ್ಕೆ ಒಂದು ಕಂಪ್ಯೂಟರ್, ಒಂದು ಪೆನ್‌ಡ್ರೈವ್, ಒಂದು ಭಾನುವಾರ ಸಾಕು. ಈ ಬರಹ ನಿಮ್ಮದೇ ಫೈಲುಗಳ ಬಗ್ಗೆ; ಓಟಿಟಿ ಆ್ಯಪ್‌ಗಳ ಮಾತು ಅಗತ್ಯವಿದ್ದಲ್ಲಿ ಮಾತ್ರ ಬರುತ್ತದೆ.

ಹಂತ 1: ಫೈಲಿನೊಳಗೆ ಏನಿದೆ ನೋಡಿ

ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ, ಎವಿಐ ಎಂಬುದು ಡಬ್ಬಿಯ ಹೆಸರಷ್ಟೇ. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇರುವ ಹಾಗೆ, ಒಂದೇ ಎಂಕೆವಿಯೊಳಗೆ ಯಾವ ಬಗೆಯ ಚಿತ್ರವೂ ಯಾವ ಬಗೆಯ ಧ್ವನಿಯೂ ಇರಬಹುದು. “ಎಂಕೆವಿ ಸಪೋರ್ಟ್ ಮಾಡುತ್ತದೆ” ಎಂದು ಬಾಕ್ಸಿನ ಮೇಲೆ ಬರೆದಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಒಳಗಿರುವುದನ್ನು ನೋಡಲು ‘ಮೀಡಿಯಾಇನ್ಫೊ’ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಇದ್ದರೆ ಅದರ ಟೂಲ್ಸ್ ಮೆನುವಿನ ‘ಕೋಡೆಕ್ ಇನ್‌ಫರ್ಮೇಶನ್’ ಕೂಡ ಸಾಕಾದೀತು. ಗಮನಿಸಬೇಕಾದವು: ಚಿತ್ರದ ಕೋಡೆಕ್ (ಚಿತ್ರವನ್ನು ಕುಗ್ಗಿಸಿ ಇಟ್ಟಿರುವ ಬಗೆ), ಅದರ ಬಣ್ಣದ ಲೆಕ್ಕ 8 ಬಿಟ್ಟೋ 10 ಬಿಟ್ಟೋ, ಸೆಕೆಂಡಿಗೆ ಎಷ್ಟು ಫ್ರೇಮ್, ಸ್ಕ್ಯಾನ್ ಬಗೆ ಇಂಟರ್‌ಲೇಸ್ಡೋ (ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಎರಡು ಸಲಕ್ಕೆ ಬರುವ ಚಿತ್ರ) ಪ್ರೊಗ್ರೆಸಿವೋ (ಇಡಿಯಾಗಿ ಬರುವ ಚಿತ್ರ), ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ), ಧ್ವನಿಯ ಕೋಡೆಕ್. ಡಿಸ್ಕಿನಲ್ಲಿರುವ ಪ್ರತಿಯೊಂದು ಫೈಲನ್ನೂ ತೆರೆಯಬೇಕಿಲ್ಲ. ಒಂದೊಂದು ಬಗೆಯಿಂದ ಒಂದು ಸಾಕು, ಆದರೆ ಅದು ಆ ಬಗೆಯಲ್ಲೇ ಅತಿ ದೊಡ್ಡದಾಗಿರಲಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಬಗೆಗಳು ಇವು.

ಮದುವೆಯ ಡಿವಿಡಿ. ವಿಡಿಯೊ_ಟಿಎಸ್ ಎಂಬ ಫೋಲ್ಡರ್, ಅದರೊಳಗೆ 1 ಜಿಬಿ ಮೀರದ ವಿಒಬಿ ತುಂಡುಗಳು. ಚಿತ್ರ ಎಂಪೆಗ್-2, ಅಳತೆ 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್. ಭಾರತದ ಹಳೆಯ ಟಿವಿಗಳು ಪಾಲ್ ಎಂಬ ಪ್ರಸಾರ ಪದ್ಧತಿಯವು, ಅದರ ಬಳುವಳಿ ಇದು. ಇಂಟರ್‌ಲೇಸ್ಡ್ ಚಿತ್ರವನ್ನು ಸರಿಯಾಗಿ ಬಿಡಿಸಲಾಗದ ಪ್ಲೇಯರ್‌ನಲ್ಲಿ ಕದಲದ ದೃಶ್ಯಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ಧಾರೆ ಎರೆಯಲು ಕೈ ಎತ್ತಿದ ಕೂಡಲೇ ಬೆರಳಿನ ಅಂಚಿನಲ್ಲಿ ಸಣ್ಣ ಅಡ್ಡಗೆರೆಗಳು ಏಳುತ್ತವೆ. ಪರೀಕ್ಷೆಗೆ ಇಂಥ ಚಲನೆಯಿರುವ ಭಾಗವನ್ನೇ ಆರಿಸಿ.

ಹ್ಯಾಂಡಿಕ್ಯಾಮ್ ಫೈಲು. ಕೊನೆಯಲ್ಲಿ ಎಂಟಿಎಸ್ ಎಂದಿರುತ್ತದೆ, ಚಿತ್ರ ಎಚ್.264, ಧ್ವನಿ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್. ಇಲ್ಲಿ ಚಿತ್ರಕ್ಕಿಂತ ತುಂಡುಗಳದ್ದೇ ತಲೆನೋವು. 17 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದಲ್ಲಿ ಹಿಡಿದರೆ ಒಂದು ಗಂಟೆಗೆ ಸುಮಾರು 7.6 ಜಿಬಿ, ಎಂಟು ಗಂಟೆಯ ಆಟ 60 ಜಿಬಿ ದಾಟುತ್ತದೆ. ಕ್ಯಾಮೆರಾ ಇದನ್ನು 2 ಅಥವಾ 4 ಜಿಬಿಗೊಂದು ತುಂಡು ಮಾಡಿ ಇಡುತ್ತದೆ. ಭಾಗವತರು ಪದ ಏರಿಸಿದ್ದಾರೆ, ಚೆಂಡೆ ಬಿರುಸಾಗಿದೆ, ಅಷ್ಟರಲ್ಲಿ ತುಂಡು ಮುಗಿದು ಟಿವಿ ಫೈಲುಗಳ ಪಟ್ಟಿಗೆ ವಾಪಸು ಬಂದು ಕೂರುತ್ತದೆ. ಇಂಥ ಸಂಗ್ರಹ ಇರುವವರು ಪ್ಲೇಯರ್‌ನಲ್ಲಿ ಮೊದಲು ನೋಡಬೇಕಾದ್ದು 4ಕೆ ಅಲ್ಲ, ಮುಂದಿನ ಫೈಲಿಗೆ ತಾನಾಗಿ ಹೋಗುತ್ತದೆಯೇ, ನಡುವೆ ಎಷ್ಟು ಹೊತ್ತು ಕಪ್ಪು ಪರದೆ ಇರುತ್ತದೆ ಎಂಬುದನ್ನು. ‘ಎಂಕೆವಿಟೂಲ್‌ನಿಕ್ಸ್’ ಎಂಬ ಉಚಿತ ತಂತ್ರಾಂಶದಲ್ಲಿ ‘ಅಪೆಂಡ್’ ಬಳಸಿ ತುಂಡುಗಳನ್ನು ಒಂದು ಮಾಡುವ ದಾರಿಯೂ ಇದೆ. ಅದು ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡುವುದಿಲ್ಲ, ಗುಣಮಟ್ಟ ಕೆಡುವುದಿಲ್ಲ. ಕೂಡಿಸಿದ ಮೇಲೆ ಜೋಡಣೆಯ ಜಾಗಗಳಲ್ಲಿ ಧ್ವನಿ ತುಟಿಗೆ ಹೊಂದುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಐಫೋನ್ ವಿಡಿಯೊ. 2017ರ ಐಒಎಸ್ 11ರಿಂದ ಈಚೆಗೆ ಐಫೋನ್ 7 ಮತ್ತು ಅದರ ನಂತರದವು ಸಾಮಾನ್ಯವಾಗಿ ಎಚ್.265ರಲ್ಲಿ ಹಿಡಿಯುತ್ತವೆ. 4ಕೆ 30 ಫ್ರೇಮ್‌ನಲ್ಲಿ ಒಂದು ನಿಮಿಷಕ್ಕೆ ಸುಮಾರು 170 ಎಂಬಿ. ಹಳೆಯ ಫುಲ್ ಎಚ್‌ಡಿ ಟಿವಿಗಳಲ್ಲಿ ಈ ಕೋಡೆಕ್ ಬಿಡಿಸುವ ಚಿಪ್ಪೇ ಇರುವುದಿಲ್ಲ. ಐಫೋನ್ 12ರಿಂದ ಮುಂದಿನವು ಡಾಲ್ಬಿ ವಿಷನ್ ಎಚ್‌ಡಿಆರ್‌ನಲ್ಲಿಯೂ (ಬೆಳಕು-ನೆರಳಿನ ಹರವು ಹೆಚ್ಚಿರುವ ಚಿತ್ರ) ಹಿಡಿಯುತ್ತವೆ. ಎಚ್‌ಡಿಆರ್ ಇಲ್ಲದ ಟಿವಿಗೆ ಅದನ್ನು ಹೊಂದಿಸಿ ಕೊಡದ ಪ್ಲೇಯರ್‌ನಲ್ಲಿ ಮುಖಗಳು ಬೂದಿ ಬಳಿದಂತೆ ಪೇಲವ ಕಾಣುತ್ತವೆ. ಮುಂದಿನ ವಿಡಿಯೊಗಳಿಗೆ ಇದರ ರಗಳೆಯೇ ಬೇಡವೆನಿಸಿದರೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ವಿಡಿಯೊ ಆಫ್ ಮಾಡಿಬಿಡಿ.

ಇನ್ನು ಎವಿಐ. ಇದರೊಳಗೆ ಡಿವ್‌ಎಕ್ಸ್ ಅಥವಾ ಎಕ್ಸ್‌ವಿಡ್ ಇದ್ದರೆ ಹಳೆಯ ಡಿವಿಡಿ ಪ್ಲೇಯರಿನ ಯುಎಸ್‌ಬಿಯಲ್ಲಿ ಲೀಲಾಜಾಲವಾಗಿ ಓಡುತ್ತದೆ, ಅನೇಕ ಹೊಸ ಟಿವಿಗಳಲ್ಲಿ ಓಡುವುದಿಲ್ಲ! ಕೊಂಡ ಬ್ಲೂ-ರೇ ಡಿಸ್ಕಿನಿಂದ ಇಳಿಸಿಕೊಂಡ ಫೈಲುಗಳಲ್ಲಿ ತಕರಾರು ಸಾಮಾನ್ಯವಾಗಿ ಧ್ವನಿಯದು, ಡಿಟಿಎಸ್ ಅಥವಾ ಡಾಲ್ಬಿ ಟ್ರೂಎಚ್‌ಡಿ. ವಾಟ್ಸಾಪ್ ತುಣುಕುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅವು ಎಲ್ಲಿ ಬೇಕಾದರೂ ಓಡುತ್ತವೆ.

ಹಂತ 2: ಟಿವಿಯ ಯುಎಸ್‌ಬಿಯಲ್ಲೇ ಹಾಕಿ ನೋಡಿ

ಆರಿಸಿದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ. 32 ಜಿಬಿ ಖಾಲಿ ಇದ್ದರೂ “ಫೈಲು ತುಂಬಾ ದೊಡ್ಡದು” ಎಂದು ಕಂಪ್ಯೂಟರ್ ಹಟ ಹಿಡಿದರೆ ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ ಎಂದರ್ಥ; ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಖಾಲಿ ಮಾಡಿಕೊಳ್ಳಿ. ಇವೆರಡರಲ್ಲಿ ನಿಮ್ಮ ಟಿವಿ ಯಾವುದನ್ನು ಓದುತ್ತದೆ ಎಂಬುದು ಟಿವಿಯ ಕೈಪಿಡಿಯಲ್ಲಿರುತ್ತದೆ.

ಟಿವಿಗೆ ಹಚ್ಚಿದ ಮೇಲೆ ಚಿತ್ರ ಬಂದ ಕೂಡಲೇ ಖುಷಿಪಟ್ಟು ಎದ್ದುಬಿಡಬೇಡಿ. ಧ್ವನಿ ಬಂತೇ? ಹತ್ತು ನಿಮಿಷ ಮುಂದೆ ಓಡಿಸಿದರೆ ಅಲ್ಲಿಗೆ ಹೋಯಿತೇ? ನಿಲ್ಲಿಸಿ ಟಿವಿ ಆಫ್ ಮಾಡಿ ಮತ್ತೆ ಹಾಕಿದರೆ ಬಿಟ್ಟಲ್ಲಿಂದ ಶುರುವಾಯಿತೇ? ಮುಂದಿನ ಫೈಲಿಗೆ ತಾನಾಗಿ ಹೋಯಿತೇ? ಇವಿಷ್ಟೂ ಸರಿಯಿದ್ದರೆ ನಿಮಗೆ ಬೇರೆ ಪ್ಲೇಯರ್ ಬೇಡ, ಇಲ್ಲಿಗೇ ಓದು ನಿಲ್ಲಿಸಬಹುದು. ಟಿವಿ ತೀರ ಹಳೆಯದಾಗಿದ್ದು ಮನೆಯಲ್ಲಿ ಡಿಡಿ ಫ್ರೀ ಡಿಶ್ ಬಾಕ್ಸ್ ಇದ್ದರೆ ಅದರ ಯುಎಸ್‌ಬಿಗೂ ಹಾಕಿ ನೋಡಿ. ಅಂಥ ಎಷ್ಟೋ ಬಾಕ್ಸ್‌ಗಳು ಸಾಧಾರಣ ಎಂಪಿ4 ಫೈಲು ಓಡಿಸುತ್ತವೆ, ಯಾರೂ ಪ್ರಯತ್ನಿಸಿರುವುದಿಲ್ಲ ಅಷ್ಟೆ.

ಚಿತ್ರ ಬಂದು ಧ್ವನಿ ಬರದಿದ್ದರೆ ಅನುಮಾನ ಮೊದಲು ಡಿಟಿಎಸ್ ಮೇಲೆ ಹೋಗಲಿ. ಉದಾಹರಣೆಗೆ, ಸ್ಯಾಮ್‌ಸಂಗ್ ತನ್ನ 2018ರ ಮಾದರಿಗಳಿಂದ ಟಿವಿಯಲ್ಲಿ ಡಿಟಿಎಸ್ ಕೈಬಿಟ್ಟಿತು. ಅಂಥ ಫೈಲು ನಾಲ್ಕೈದೇ ಇದ್ದರೆ ಹೊಸ ಬಾಕ್ಸ್ ಯಾಕೆ? ‘ಎವಿಡೆಮಕ್ಸ್’ ಎಂಬ ತಂತ್ರಾಂಶದಲ್ಲಿ ಚಿತ್ರವನ್ನು ‘ಕಾಪಿ’ ಎಂದಿಟ್ಟು ಧ್ವನಿಯನ್ನು ಮಾತ್ರ ಎಸಿ3ಗೆ (ಡಾಲ್ಬಿ ಡಿಜಿಟಲ್‌ನ ಇನ್ನೊಂದು ಹೆಸರು) ಬದಲಿಸಿ. ಚಿತ್ರಕ್ಕೆ ಕೈ ಹಚ್ಚದ ಕಾರಣ ಕೆಲಸ ಬೇಗ ಮುಗಿಯುತ್ತದೆ. ಮದುವೆ ಡಿವಿಡಿ ಒಂದೇ ಇದ್ದು ಗೆರೆ ಏಳುತ್ತಿದ್ದರೂ ಹೀಗೆಯೇ: ‘ಹ್ಯಾಂಡ್‌ಬ್ರೇಕ್’ ಎಂಬ ತಂತ್ರಾಂಶದ ಫಿಲ್ಟರ್ ವಿಭಾಗದಲ್ಲಿ ಡಿಇಂಟರ್‌ಲೇಸ್ ಆರಿಸಿ ‘ಬಾಬ್’ ಪ್ರಿಸೆಟ್ ಇಟ್ಟು ಒಮ್ಮೆ ಎಂಪಿ4 ಮಾಡಿಕೊಳ್ಳಿ. 25ರ ಬದಲು 50 ಫ್ರೇಮ್ ಆಗುತ್ತದೆ, ಕೈ ಆಡಿಸುವುದು ಕ್ಯಾಸೆಟ್‌ನಲ್ಲಿದ್ದಷ್ಟೇ ನಯವಾಗಿ ಕಾಣುತ್ತದೆ.

ಪೆನ್‌ಡ್ರೈವ್ ಓಡಿ ಹಾರ್ಡ್‌ಡಿಸ್ಕ್ ಓಡದಿದ್ದರೆ ಅದು ಕರೆಂಟಿನ ಮಾತು. ಯುಎಸ್‌ಬಿ 2.0 ಕಿಂಡಿ 500 ಮಿಲಿಆಂಪ್, 3.0 ಕಿಂಡಿ 900 ಮಿಲಿಆಂಪ್ ಕೊಡುವ ಲೆಕ್ಕದ್ದು. ಅಂಗೈ ಅಗಲದ ಡಿಸ್ಕ್ ಟಕ್‌ ಟಕ್‌ ಸದ್ದು ಮಾಡುತ್ತಾ ಬಂದು ಹೋಗಿ ಮಾಡಿದರೆ ಕೂಡಲೇ ಕಿತ್ತು, ಟಿವಿಯ ಇನ್ನೊಂದು ಕಿಂಡಿಗೆ ಹಾಕಿ ನೋಡಿ. ಎಷ್ಟೋ ಟಿವಿಗಳಲ್ಲಿ ‘ಎಚ್‌ಡಿಡಿ’ ಎಂದು ಗುರುತಿರುವ ಕಿಂಡಿ ಬೇರೆಯೇ ಇರುತ್ತದೆ. ಅದೂ ಆಗದಿದ್ದರೆ ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬೇಕು.

ಹಂತ 3: ಫೈಲು ಎಲ್ಲಿರುತ್ತದೆ, ಯಾರು ನೋಡುತ್ತಾರೆ

ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಎಂದಾದರೆ ಉತ್ತರ ಪೆನ್‌ಡ್ರೈವ್. ಅವರ ಮನೆಗೆ ಸರ್ವರ್, ಪಾಸ್‌ವರ್ಡ್, ಆ್ಯಪ್ ಅಪ್‌ಡೇಟ್ ಎಲ್ಲ ಹೊತ್ತು ಹಾಕಿ ನೀವು ಬೆಂಗಳೂರಿಗೋ ಅಮೆರಿಕಕ್ಕೋ ಹೊರಟುಬಿಟ್ಟರೆ ವಾರಕ್ಕೊಮ್ಮೆ ಫೋನಿನಲ್ಲಿ ರಿಮೋಟ್ ಪಾಠ ಮಾಡಬೇಕಾಗುತ್ತದೆ.

ಮನೆಯಲ್ಲಿ ಎರಡು ಮೂರು ಟಿವಿ ಇದ್ದು ಎಲ್ಲ ಕಡೆಯೂ ಅದೇ ಸಂಗ್ರಹ ಬೇಕಿದ್ದರೆ ಮಾತ್ರ ನೆಟ್‌ವರ್ಕ್ ದಾರಿ ಹಿಡಿಯಿರಿ. ಕಂಪ್ಯೂಟರ್ ಅಥವಾ ನ್ಯಾಸ್‌ನಲ್ಲಿ (ಮನೆಯ ನೆಟ್‌ವರ್ಕಿಗೆ ಹಚ್ಚುವ ಡಿಸ್ಕ್ ಪೆಟ್ಟಿಗೆ) ಫೈಲಿಟ್ಟು, ಅಲ್ಲಿ ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಎಂಬ ಸರ್ವರ್ ತಂತ್ರಾಂಶ ಹಾಕಬಹುದು. ಪ್ಲೆಕ್ಸ್‌ನ ಕೆಲವು ಸೌಲಭ್ಯಗಳಿಗೆ ದುಡ್ಡು ಕೊಡಬೇಕು. 2018ರ ಕೊನೆಯಲ್ಲಿ ‘ಎಂಬಿ’ (Emby) ಎಂಬ ತಂತ್ರಾಂಶದಿಂದ ಕವಲೊಡೆದ ಜೆಲ್ಲಿಫಿನ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಟಿವಿಗೆ ಬಾರದ ಕೋಡೆಕ್ಕನ್ನು ಸರ್ವರೇ ಆಗಿಂದಾಗ ಬದಲಿಸಿ ಕಳಿಸುವುದು ಇವುಗಳ ಹೆಚ್ಚುಗಾರಿಕೆ, ಆದರೆ ಆ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಕಸುವಿರಬೇಕು.

ಒಂದು ವಿಚಿತ್ರ ಗೊತ್ತಿರಲಿ. ಎಷ್ಟೋ ದುಬಾರಿ 4ಕೆ ಟಿವಿಗಳ ಕೇಬಲ್ ಕಿಂಡಿ ಇವತ್ತಿಗೂ 100 ಎಂಬಿಪಿಎಸ್‌ನದ್ದು. 4ಕೆ ಬ್ಲೂ-ರೇಯಿಂದ ಇಳಿಸಿದ ಫೈಲು ಕೆಲವು ದೃಶ್ಯಗಳಲ್ಲಿ ಅದನ್ನೂ ದಾಟುತ್ತದೆ. ಆಗ ಕೇಬಲ್ಲಿಗಿಂತ 5 ಗಿಗಾಹರ್ಟ್ಸ್ ವೈಫೈ ವಾಸಿ. ಮನೆಯ ವಿಡಿಯೊಗಳಿಗೆ ಇದು ಬಾಧಿಸುವುದಿಲ್ಲ. ಐಫೋನಿನ 4ಕೆ ಫೈಲು 23 ಎಂಬಿಪಿಎಸ್ ಆಸುಪಾಸಿನದು.

ಹಳೆಯ ಪ್ಲೇಯರ್ ವಿಂಡೋಸ್ ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರ್ ಕಾಣಲು ‘ಎಸ್‌ಎಂಬಿ 1’ ಎಂಬ ಹಳೆಯ ಫೈಲು ಹಂಚಿಕೆಯ ವಿಧಾನ ಕೇಳಿದರೆ ಕೊಡಬೇಡಿ. ಅದು ಸುರಕ್ಷಿತವಲ್ಲವೆಂದೇ ಮೈಕ್ರೋಸಾಫ್ಟ್ 2017ರಿಂದ ಹೊಸ ವಿಂಡೋಸ್‌ಗಳಲ್ಲಿ ಅದನ್ನು ಹಾಕುವುದನ್ನು ಬಿಟ್ಟಿದೆ.

ಹಂತ 4: ಈಗ ಪ್ಲೇಯರ್ ಆರಿಸಿ

ಟಿವಿಯಲ್ಲಿ ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿ ಇದ್ದರೆ ಬಾಕ್ಸಿಗೆ ದುಡ್ಡು ಹಾಕುವ ಮೊದಲು ಅದರಲ್ಲೇ ವಿಎಲ್‌ಸಿ ಅಥವಾ ಕೋಡಿ ಎಂಬ ಪ್ಲೇಯರ್ ಆ್ಯಪ್ ಹಾಕಿ ನೋಡಿ. ಎರಡೂ ಉಚಿತ. ಟಿವಿಯ ಸ್ವಂತ ಪ್ಲೇಯರ್ ಮುಖ ತಿರುಗಿಸಿದ ಫೈಲನ್ನು ಇವು ಎಷ್ಟೋ ಸಲ ಓಡಿಸಿಬಿಡುತ್ತವೆ. ಡಿಟಿಎಸ್ ಧ್ವನಿಯನ್ನು ಇವು ತಾವೇ ಬಿಡಿಸಿ ಟಿವಿಗೆ ಕೊಡುತ್ತವೆ.

ಐದಾರು ಸಾವಿರದ ಸ್ಟಿಕ್‌ಗಳು (ಫೈರ್ ಟಿವಿ, ಶವೋಮಿಯವು) ಓಟಿಟಿಗೆ ಚೆನ್ನ, ಫೈಲಿಗೆ ಸುಮಾರು. ಇರುವ ಒಂದೇ ಯುಎಸ್‌ಬಿ ಕಿಂಡಿ ಕರೆಂಟಿಗೇ ಬೇಕು. ಡಿಸ್ಕ್ ಹಚ್ಚಲು ಕವಲಿರುವ ಒಟಿಜಿ ಕೇಬಲ್ ಬೇರೆ ತರಬೇಕು, ಎಫ್‌ಎಟಿ32 ಬಿಟ್ಟು ಬೇರೆಯದನ್ನು ಓದುತ್ತದೆಯೇ ಎಂದು ಪರೀಕ್ಷಿಸಬೇಕು. ಅಮೆಜಾನ್ 2025ರಲ್ಲಿ ತಂದ ಫೈರ್ ಟಿವಿ ಸ್ಟಿಕ್ 4ಕೆ ಸೆಲೆಕ್ಟ್‌ನಲ್ಲಿರುವುದು ಆಂಡ್ರಾಯ್ಡ್ ಅಲ್ಲ, ವೇಗಾ ಎಂಬ ಬೇರೆ ವ್ಯವಸ್ಥೆ. ಅದಕ್ಕೆ ಹೊರಗಿನಿಂದ ಆ್ಯಪ್ ತಂದು ಹಾಕುವಂತಿಲ್ಲ. ಕೋಡಿ ನೆಚ್ಚಿಕೊಂಡವರು ಇದನ್ನು ಗಮನಿಸಬೇಕು.

ಪೂರ್ಣ ಅಳತೆಯ ಯುಎಸ್‌ಬಿ ಕಿಂಡಿ ಇರುವ, ಗೂಗಲ್ ಒಪ್ಪಿಗೆ ಪಡೆದ ಆಂಡ್ರಾಯ್ಡ್ ಬಾಕ್ಸ್ ಹೆಚ್ಚಿನ ಮನೆಗಳಿಗೆ ಸರಿಹೊಂದುತ್ತದೆ. ನನ್ನ ಆಯ್ಕೆಯೂ ಬಹುತೇಕ ಅದೇ.

ಆ್ಯಪಲ್ ಟಿವಿ 4ಕೆ (2022ರಲ್ಲಿ ಇಲ್ಲಿನ ಆರಂಭಿಕ ಬೆಲೆ 14,900 ರೂಪಾಯಿ) ವೇಗದಲ್ಲಿ, ನಯದಲ್ಲಿ ಎಲ್ಲಕ್ಕಿಂತ ಮುಂದು. ಆದರೆ ಡಿಸ್ಕ್ ಹಚ್ಚಲು ಅದಕ್ಕೆ ಕಿಂಡಿಯೇ ಇಲ್ಲ! ಫೈಲು ನೆಟ್‌ವರ್ಕಿನಲ್ಲೇ ಬರಬೇಕು. ಮನೆಯಲ್ಲಿ ನ್ಯಾಸ್ ಇದ್ದು ಎಲ್ಲರ ಕೈಯಲ್ಲೂ ಐಫೋನ್ ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಅದರ ಗೊಡವೆ ಬೇಡ.

ಕೈಯಾರೆ ಮಾಡಿಕೊಳ್ಳುವ ಹುಮ್ಮಸ್ಸಿದ್ದರೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಲಿಬ್ರೆಎಲೆಕ್ ಎಂಬ ವ್ಯವಸ್ಥೆ ಹಾಕಿದರೆ ಅದು ಕೋಡಿಗೆಂದೇ ಮೀಸಲಾದ ಪ್ಲೇಯರ್ ಆಗುತ್ತದೆ, ಟಿವಿಯ ರಿಮೋಟಿಗೇ ಮಾತು ಕೇಳುತ್ತದೆ. ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಪಿಸಿ ಇನ್ನೂ ಗಟ್ಟಿ; ಎಂಪೆಗ್-2ರಿಂದ ಎವಿ1ವರೆಗೆ ಯಾವುದಕ್ಕೂ ಬೆದರುವುದಿಲ್ಲ, ರಾತ್ರಿ ಜೆಲ್ಲಿಫಿನ್ ಸರ್ವರ್ ಕೆಲಸವನ್ನೂ ಮಾಡುತ್ತದೆ. ಜಿಡೂ, ಡ್ಯೂನ್ ಎಚ್‌ಡಿ ತರಹದ ಮೀಸಲು ಪ್ಲೇಯರ್‌ಗಳು ಬ್ಲೂ-ರೇ ಸಂಗ್ರಹ ಮತ್ತು ಒಳ್ಳೆಯ ಆಡಿಯೊ ರಿಸೀವರ್ ಎರಡೂ ಇರುವವರಿಗೆ. ಮದುವೆ ವಿಡಿಯೊ ನೋಡಲು ಅಷ್ಟು ದುಡ್ಡು ಸುರಿಯಬೇಕಿಲ್ಲ.

ಇನ್ನು ‘8ಕೆ, ಎಲ್ಲ ಚಾನೆಲ್ ಫ್ರೀ’ ಎಂದು ಎರಡು ಸಾವಿರಕ್ಕೆ ಸಿಗುವ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳು. ಇವನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. 2023ರಲ್ಲಿ ಟಿ95 ಎಂಬ ಬಾಕ್ಸಿನಲ್ಲಿ ಕಾರ್ಖಾನೆಯಿಂದಲೇ ಬಂದ ಮಾಲ್‌ವೇರ್ ಸಿಕ್ಕಿತು. ಅದೇ ವರ್ಷ ‘ಬ್ಯಾಡ್‌ಬಾಕ್ಸ್’ ಹೆಸರಿನ ದೊಡ್ಡ ಜಾಲ ಬಯಲಾಯಿತು, 2025ರ ಜೂನ್‌ನಲ್ಲಿ ಅದರ ಎರಡನೇ ಅವತಾರದ ಬಗ್ಗೆ ಅಮೆರಿಕದ ಎಫ್‌ಬಿಐ ಎಚ್ಚರಿಕೆ ಹೊರಡಿಸಿತು. ಇಂಥ ಬಾಕ್ಸ್ ನಿಮ್ಮ ಮನೆಯ ಇಂಟರ್‌ನೆಟ್ಟನ್ನು ಪರರ ಕಳ್ಳಕೆಲಸಕ್ಕೆ ದಾರಿಯಾಗಿಸುತ್ತದೆ. ಫ್ಯಾಕ್ಟರಿ ರಿಸೆಟ್ ಮಾಡಿದರೂ ಹೋಗುವುದಿಲ್ಲ, ಏಕೆಂದರೆ ಅದು ಸಿಸ್ಟಮ್ಮಿನಲ್ಲೇ ಕೂತಿರುತ್ತದೆ. ಕೊಂಡ ಬಾಕ್ಸ್ ಒಪ್ಪಿಗೆ ಪಡೆದದ್ದೇ ಎಂದು ತಿಳಿಯಲು ಪ್ಲೇ ಸ್ಟೋರ್‌ನ ಸೆಟ್ಟಿಂಗ್‌ನಲ್ಲಿ ‘ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್’ ಸಾಲು ನೋಡಿ.

ಹಂತ 5: ಫ್ರೇಮ್ ಲೆಕ್ಕ ಹೊಂದಿಸಿ

ಬಾಕ್ಸ್ ಬಂದ ದಿನವೇ ಮಾಡಬೇಕಾದ, ಹೆಚ್ಚಿನವರು ಮಾಡದ ಕೆಲಸ ಇದು. ಹೆಚ್ಚಿನ ಬಾಕ್ಸ್‌ಗಳು ಟಿವಿಗೆ 60 ಹರ್ಟ್ಸ್‌ನಲ್ಲಿ ಚಿತ್ರ ಕಳಿಸುತ್ತವೆ. ನಮ್ಮ ಡಿವಿಡಿ 25 ಫ್ರೇಮ್, ಹ್ಯಾಂಡಿಕ್ಯಾಮ್ 25 ಅಥವಾ 50. 60ರೊಳಗೆ ಇವು ಸಮನಾಗಿ ಕೂರುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಮಂಟಪದ ಈ ಕಡೆಯಿಂದ ಆ ಕಡೆಗೆ ತಿರುಗುವಾಗ ಚಿತ್ರ ಮುಗ್ಗರಿಸಿ ಮುಗ್ಗರಿಸಿ ಸಾಗುತ್ತದೆ. ಜನ ಇದನ್ನು ‘ಕ್ಯಾಸೆಟ್ ಹಳೆಯದಾಯ್ತು’ ಎಂದುಕೊಳ್ಳುತ್ತಾರೆ. 24 ಫ್ರೇಮಿನ ಸಿನಿಮಾಕ್ಕೂ ಇದೇ ಪಾಡು. ಕೋಡಿಯಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’, ಆ್ಯಪಲ್‌ನಲ್ಲಿ ‘ಮ್ಯಾಚ್ ಕಂಟೆಂಟ್’, ಫೈರ್ ಟಿವಿಯಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಆನ್ ಮಾಡಿ. ಇಂಥ ಸೌಲಭ್ಯವೇ ಇಲ್ಲದ ಬಾಕ್ಸಿನಲ್ಲಿ ಹಳೆಯ ವಿಡಿಯೊ ನೋಡುವಾಗ ಕೈಯಾರೆ 50 ಹರ್ಟ್ಸ್‌ಗೆ ಇಡಿ.

ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ (ಟಿವಿಯ ರಿಮೋಟಿನಿಂದಲೇ ಬಾಕ್ಸನ್ನೂ ಆಡಿಸುವ ಸೌಲಭ್ಯ) ಕೂಡ ಆನ್ ಆಗಿರಲಿ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಸೋಫಾ ಮೇಲೆ ಒಂದು ರಿಮೋಟ್ ಕಡಿಮೆಯಾಗುತ್ತದೆ.

ಹಂತ 6: ಕನ್ನಡ ಸಬ್‌ಟೈಟಲ್ ಪರೀಕ್ಷೆ

ಜಾಹೀರಾತಿನಲ್ಲಿ ‘ಸಬ್‌ಟೈಟಲ್ ಸಪೋರ್ಟ್’ ಎಂದಿದ್ದರೆ ಅದು ಇಂಗ್ಲಿಷ್‌ಗೆ ಎಂದೇ ತಿಳಿಯಿರಿ. ಕನ್ನಡದಲ್ಲಿ ಅಕ್ಷರಕ್ಕೆ ಒತ್ತು ಕೂಡಿಸಿ ಬರೆಯುವ ಕೆಲಸ ಪ್ಲೇಯರ್‌ನದು. ಬಹಳಷ್ಟಕ್ಕೆ ಅದು ಬರುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ಒಂದು ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲು ಮಾಡಿ, ಅದರ ಮೊದಲ ಸಾಲಿನಲ್ಲಿ 1, ಎರಡನೆಯದರಲ್ಲಿ 00:00:01,000 --> 00:00:20,000, ಮೂರನೆಯದರಲ್ಲಿ “ಕರ್ನಾಟಕ, ರಾಷ್ಟ್ರ, ಸ್ವಾತಂತ್ರ್ಯ, ಸಂಸ್ಕೃತಿ” ಎಂದು ಬರೆಯಿರಿ. ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ, ಹೆಸರು ವಿಡಿಯೊದ ಹೆಸರೇ ಇರಲಿ, ಕೊನೆಯಲ್ಲಿ ಮಾತ್ರ .srt ಇರಲಿ. ಟಿವಿಯಲ್ಲಿ ಬರೀ ಚೌಕಗಳು ಬಂದರೆ ಫಾಂಟ್ ಇಲ್ಲ. ಅಕ್ಷರ ಬಂದು ರಾಷ್ಟ್ರದ ಒತ್ತುಗಳು ಕೆಳಗಿಳಿಯದೆ ‘ರಾಷ್‌ಟ್‌ರ’ ಎಂದು ಸಾಲಾಗಿ ನಿಂತರೆ ಫಾಂಟ್ ಇದೆ, ಜೋಡಿಸುವ ಬುದ್ಧಿ ಇಲ್ಲ. ಕರ್ನಾಟಕದ ಅರ್ಕಾವೊತ್ತೂ ತನ್ನ ಜಾಗದಲ್ಲಿ ಬಂದರೆ ಆ ಪ್ಲೇಯರ್ ಪಾಸು.

ಕೋಡಿ ಸಬ್‌ಟೈಟಲ್‌ಗೆ ಬಳಸುವ ಲಿಬಾಸ್ ಎಂಬ ತಂತ್ರಾಂಶಕ್ಕೆ ಒತ್ತಕ್ಷರ ಕೂಡಿಸಲು ಬರುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಕೋಡಿಯ ಫಾಂಟ್ ಫೋಲ್ಡರಿಗೆ ಹಾಕಿ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಆರಿಸಿ. ಯಾವುದಕ್ಕೂ ಜಗ್ಗದ ಟಿವಿಗೆ ಸಬ್‌ಟೈಟಲನ್ನು ಚಿತ್ರದ ಮೇಲೆಯೇ ಅಚ್ಚೊತ್ತುವುದು ಕೊನೆಯ ದಾರಿ. ಫೈಲುಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಡಿ. ಕನ್ನಡ ಹೆಸರು ಕಂಡರೆ ಹಳೆಯ ಬಾಕ್ಸ್‌ಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ತೋರಿಸುತ್ತವೆ.

ಹಂತ 7: ವಾಪಸು ಕೊಡುವ ಗಡುವಿನೊಳಗೆ

ಆ ಪೆನ್‌ಡ್ರೈವ್ ಇನ್ನೂ ಇಟ್ಟುಕೊಂಡಿದ್ದೀರಲ್ಲ? ಬಾಕ್ಸ್ ಬಂದ ಕೂಡಲೇ ಎರಡನೇ ಹಂತದ ಪರೀಕ್ಷೆಗಳನ್ನೆಲ್ಲ ಅದರಲ್ಲಿ ಮತ್ತೆ ಮಾಡಿ. ಜೊತೆಗೆ ಯಾವುದಾದರೂ ದೊಡ್ಡ ಫೈಲನ್ನು ಎರಡು ಗಂಟೆ ನಿಲ್ಲಿಸದೆ ಓಡಿಸಿ. ಅಗ್ಗದ ಬಾಕ್ಸ್‌ಗಳು ಬಿಸಿಯೇರಿದ ಮೇಲೆ ತಡವರಿಸಲು ಶುರುಮಾಡುತ್ತವೆ. ಸೌಂಡ್‌ಬಾರ್ ಇದ್ದರೆ ಧ್ವನಿ ತುಟಿಗೆ ಹೊಂದುತ್ತದೆಯೇ ನೋಡಿ. ಖರೀದಿಸುವಾಗಲೇ ವಾಪಸಾತಿಯ ನಿಯಮ ಓದಿರಿ: ಕೆಲವೆಡೆ ಬದಲಿ ಮಾತ್ರ ಕೊಡುತ್ತಾರೆ, ಹಣ ಹಿಂದಿರುಗಿಸುವುದಿಲ್ಲ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ. ಓಡುತ್ತಿರುವ ಡಿಸ್ಕಿಗೆ ಇದು ಒಳ್ಳೆಯದಲ್ಲ, ಫೈಲು ಕೆಡುವ ಸಾಧ್ಯತೆ ಇದ್ದೇ ಇದೆ. ಪ್ಲೇಯರ್ ಮತ್ತು ಡಿಸ್ಕ್ ಎರಡನ್ನೂ ಯುಪಿಎಸ್ ಸಾಲಿಗೆ ಹಾಕಿ, ಕೀಳುವ ಮೊದಲು ‘ಇಜೆಕ್ಟ್’ ಒತ್ತಿ. ಟಿವಿಗೆ ಹಚ್ಚುವ ಡಿಸ್ಕಿನಲ್ಲಿ ಪ್ರತಿ ಮಾತ್ರ ಇರಲಿ. ಮೂಲ ಫೈಲುಗಳು ಇನ್ನೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಇನ್ನೊಂದು ಮನೆಯಲ್ಲಿ ಇರಲಿ.